ಗೋಡೆಗೆ ನಮ್ಮವರು, ಪುಸ್ತಕಕ್ಕೆ ಅವರು

ನಿವೃತ್ತಿಯಾದವರಿಗೆ ನಮ್ಮ ಕಲಬುರಗಿಯಲ್ಲಿ ಎರಡೇ ದಾರಿ. ಒಂದು, ಬೆಳಿಗ್ಗೆ ವಾಕಿಂಗಿಗೆ ಹೋಗಿ ಸಕ್ಕರೆ ಕಾಯಿಲೆಯ ಬಗ್ಗೆ ಮಾತಾಡುವುದು. ಇನ್ನೊಂದು, ಮನೆಯಲ್ಲೇ ಕೂತು ಸೊಸೆಯ ಬಗ್ಗೆ ಮಾತಾಡುವುದು. ನನಗೆ ಸಕ್ಕರೆಯೂ ಇರಲಿಲ್ಲ, ಸೊಸೆಯೂ ಇರಲಿಲ್ಲ. ಇದ್ದದ್ದು ಒಂದು ಕಬ್ಬಿಣದ ಅಲಮಾರಿ, ಅದರ ತುಂಬ ಶಾಲೆಯ ಪಠ್ಯಪುಸ್ತಕಗಳು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದ ಕಾಲದಿಂದಲೂ ಪುಸ್ತಕ ಬದಲಾದಾಗಲೆಲ್ಲ ಒಂದೊಂದು ಪ್ರತಿ ಎತ್ತಿಡುವ ಹುಚ್ಚು ನನಗೆ. ಹಳೆಯದು, ಹೊಸದು, ಹೊಸದನ್ನು ತೆಗೆದು ಮತ್ತೆ ತಂದ ಹಳೆಯದು, ಎಲ್ಲ ಇವೆ. ಸೇಡಂ ರಸ್ತೆಯ ನಮ್ಮ ಬಡಾವಣೆಯಲ್ಲಿ ಈ ಅಲಮಾರಿಯ ಸುದ್ದಿ ಹಬ್ಬಿತು. ಪಠ್ಯಪುಸ್ತಕದ ಬಗ್ಗೆ ಫೋನಿನಲ್ಲಿ ಯಾವ ಗಾಳಿಸುದ್ದಿ ಬಂದರೂ ಜನ ನನ್ನ ಬಾಗಿಲು ಬಡಿಯತೊಡಗಿದರು.

ಮೊದಲು ಬಂದವರು ಪಕ್ಕದ ಮನೆಯ ಅಜ್ಜಿ, ನಮಗೆಲ್ಲ ಖಾಲಾ. ಅವರದು ಬಟ್ಟೆ ವ್ಯಾಪಾರದ ಮನೆ. ಮೊಮ್ಮಗನ ಪುಸ್ತಕವನ್ನು ಎರಡೂ ಕೈಯಲ್ಲಿ ಎದೆಗೊತ್ತಿಕೊಂಡು ಬಂದಿದ್ದರು.

"ದೇಖೋ ಟೀಚರ್, ಒಂದು ಸಬಕ್ ಪೂರಾ ನಿಕಾಲ್ ಡಾಲೆ ಕತೆ! ಸರ್ಕಾರದವರು ಪಾಠ ತಗದು ಹಾಕ್ಯಾರಂತ ನಮ್ಮ ಗ್ರೂಪಿನ್ಯಾಗ ಬಂದಿತ್ತು. ಸುಳ್ಳಿರಬೇಕಂತ ತಗದು ನೋಡಿದ್ರ ಖರೇನೇ ಇಲ್ಲರಿ!"

ಪರಿವಿಡಿಯಲ್ಲಿ ಪಾಠದ ಹೆಸರಿತ್ತು, ಒಳಗೆ ಪಾಠ ಇರಲಿಲ್ಲ. ಒಂದು ಕ್ಷಣ ನಾನೂ ನಂಬಿಬಿಟ್ಟೆ. ಆಮೇಲೆ ಒಂದು ಹಾಳೆ ಉಳಿದವಕ್ಕಿಂತ ದಪ್ಪ ಅನ್ನಿಸಿತು. ಚಹಾದ ಪಾತ್ರೆಯ ಹಬೆಗೆ ಹಿಡಿದು ಮೆಲ್ಲಗೆ ಬಿಡಿಸಿದೆ. ರಂಜಾನ್ ಹಬ್ಬದ ಶೀರ್‌ಖುರ್ಮಾ ಪಾಯಸ ಎರಡು ಹಾಳೆಗಳನ್ನು ಗಟ್ಟಿಯಾಗಿ ಅಂಟಿಸಿಬಿಟ್ಟಿತ್ತು. ಸರ್ಕಾರ ಕಿತ್ತುಹಾಕಿದ್ದ ಪಾಠ ಒಂದು ಎಳೆ ಶಾವಿಗೆಯ ಸಮೇತ ಹೊರಗೆ ಬಂತು. ಖಾಲಾ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಕೇಳಿದೆ, "ನಿಮ್ಮ ಗ್ರೂಪಿನವರಿಗೆ ಹೇಳಿದಿರಾ?"

"ಹೇಳೀನ್ರಿ. ನಿಮ್ಮ ಮನ್ಯಾಗ ಅಂಟಿರಬೇಕು, ಉಳಿದ ಕಡೆ ತಗದೇ ತಗದಾರ ಅಂತಾರ."

ಆಮೇಲೆ ಕೋಟನೂರಿನಿಂದ ಒಬ್ಬ ನಿವೃತ್ತ ಎಂಜಿನಿಯರು ಬಂದರು. ಮೊಮ್ಮಗಳ ಪುಸ್ತಕದ ಚಿತ್ರದಲ್ಲಿ ರೈತನ ಹೆಗಲ ಮೇಲಿನ ಟವೆಲ್ಲು ಹೋದ ವರ್ಷ ಒಂದು ಬಣ್ಣದ್ದಿತ್ತಂತೆ, ಈ ವರ್ಷ ಇನ್ನೊಂದು ಬಣ್ಣವಂತೆ. ಸರ್ಕಾರ ಬದಲಾಗಿದ್ದಕ್ಕೆ ಟವೆಲ್ಲೂ ಪಕ್ಷ ಬದಲಿಸಿದೆ ಎಂಬುದು ಅವರ ಸಂಶೋಧನೆ. ಅಲಮಾರಿಯಿಂದ ಎರಡೂ ವರ್ಷದ ಪುಸ್ತಕ ತೆಗೆದು ಮುಂದಿಟ್ಟೆ. ಟವೆಲ್ಲು ಒಂದೇ. ಅವರ ಮನೆಯ ಹಳೆಯ ಪ್ರತಿ ಕಿಟಕಿಯ ಹತ್ತಿರ ಬಿದ್ದು ನಮ್ಮೂರಿನ ಬಿಸಿಲಿಗೆ ಬೆಳ್ಳಗಾಗಿತ್ತು. ಅವರು ಬಹಳ ಹೊತ್ತು ನೋಡಿ, "ನಿಮ್ಮ ಹತ್ರ ಇರೋದು ಅವರು ಆಮ್ಯಾಲ ತಿದ್ದಿ ಕಳಿಸಿದ ಕಾಪಿ ಇರಬೇಕು ಮೇಡಂ" ಎಂದು ಹೇಳಿ, ಕೊಟ್ಟ ಚಹಾ ಕುಡಿದು ಹೋದರು. ಗಾಳಿಸುದ್ದಿ ಸುಳ್ಳು ಎಂದು ತೋರಿಸಿದರೆ ಜನಕ್ಕೆ ಸಮಾಧಾನವಾಗುತ್ತದೆ ಎಂದು ನಾನು ತಿಳಿದಿದ್ದೆ. ಸಮಾಧಾನ ಹಾಗಿರಲಿ, ಅವರ ಕೈಯಿಂದ ಏನೋ ಕಸಿದುಕೊಂಡವರಂತೆ ನನ್ನನ್ನೇ ನೋಡುತ್ತಾರೆ.

ಇವೆಲ್ಲ ನಗುವ ವಿಷಯಗಳಾಗಿದ್ದವು. ಕಮಲಾಪುರದ ಸುದ್ದಿ ಬರುವವರೆಗೆ.

ಅಲ್ಲಿನ ಒಂದು ಪ್ರಾಥಮಿಕ ಶಾಲೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಟೀಚರು. ಕುಸನೂರಿನಲ್ಲಿ ಮನೆ, ದಿನಾ ಬಸ್ಸು ಹಿಡಿದು ಹೋಗಿ ಬರುತ್ತಾಳೆ. ನನ್ನ ಕೈಯಲ್ಲಿ ಕಲಿತವಳಾದ್ದರಿಂದ ನನ್ನ ಒಂದು ಚಟವೂ ಅವಳಿಗೆ ಅಂಟಿದೆ. ಪುಸ್ತಕಕ್ಕೆ ಬೈಂಡು ಹಾಕದೆ ತರಗತಿಗೆ ಬರಕೂಡದು. ಬೈಂಡಿಲ್ಲದ ಪುಸ್ತಕ ಅಂದರೆ ಅಂಗಿ ಇಲ್ಲದ ಕೂಸು ಎಂದು ನಾನು ಹೇಳುತ್ತಿದ್ದೆ, ಅವಳೂ ಅದನ್ನೇ ಹೇಳುತ್ತಾಳೆ. ಕಂದು ಬಣ್ಣದ ಹಾಳೆಯೇ ಆಗಬೇಕೆಂದಿಲ್ಲ, ಮನೆಯಲ್ಲಿ ಯಾವ ಕಾಗದವಿದೆಯೋ ಅದನ್ನು ಹಾಕಿಸಿಕೊಂಡು ಬನ್ನಿ ಎನ್ನುತ್ತಾಳೆ. ಶನಿವಾರ ಎಲ್ಲರ ಪುಸ್ತಕವನ್ನೂ ಮೇಜಿನ ಮೇಲೆ ಹಾಕಿಸಿಕೊಂಡು ಒಬ್ಬೊಬ್ಬರನ್ನೇ ಕರೆದು ಓದಿಸುತ್ತಾಳೆ.

ಒಂದು ಭಾನುವಾರ ಬೆಳಿಗ್ಗೆ ಫೋನು ಮಾಡಿದಳು.

"ಟೀಚರ್, ನನ್ನ ಟೇಬಲ್ಲಿನ ಫೋಟೋ ಊರ ತುಂಬ ಹೊಂಟದರಿ. ನಾ ಏನೂ ಮಾಡಿಲ್ಲರಿ."

ಆ ಫೋಟೋ ನನಗೆ ಆಗಲೇ ಐದಾರು ಕಡೆಯಿಂದ ಬಂದಿತ್ತು. ಇಲ್ಲಿ ಎರಡು ಪಕ್ಷಗಳ ಹೆಸರು ಹೇಳಿ ನನ್ನ ತಲೆಯ ಮೇಲೆ ನಾನೇ ಕಲ್ಲು ಎಳೆದುಕೊಳ್ಳುವುದಿಲ್ಲ. ಒಂದು ಪಕ್ಷದ ಸ್ಥಳೀಯ ಮುಖಂಡರಿಗೆ ದೊಡ್ಡ ಮೀಸೆ, ಇನ್ನೊಂದು ಪಕ್ಷದವರಿಗೆ ಬೇಸಗೆಯಲ್ಲೂ ಹೆಗಲ ಮೇಲೆ ಶಾಲು. ಮೀಸೆಯವರು, ಶಾಲಿನವರು ಎಂದರೆ ಸಾಕು. ಫೋಟೋದಲ್ಲಿ ಮೇಜಿನ ಮೇಲೆ ನಾಲ್ಕನೇ ತರಗತಿಯ ಪುಸ್ತಕಗಳ ರಾಶಿ ಇತ್ತು. ಮೇಲಿನ ಪ್ರತಿ ಪುಸ್ತಕದ ಬೆನ್ನ ಮೇಲೂ ಮೀಸೆಯವರು ಕೈ ಮುಗಿದು ನಗುತ್ತಿದ್ದರು. ಕೆಳಗೆ ಬರೆದಿತ್ತು: 'ನೋಡಿ, ಸರ್ಕಾರ ಪಠ್ಯಪುಸ್ತಕದ ಮೇಲೇ ಮೀಸೆಯವರ ಫೋಟೋ ಅಚ್ಚು ಹಾಕಿಸಿದೆ. ನಮ್ಮ ಮಕ್ಕಳ ತಲೆ ಕೆಡಿಸುವ ಸಂಚು. ಅಳಿಸಿ ಹಾಕುವ ಮೊದಲು ಎಲ್ಲರಿಗೂ ಕಳಿಸಿ.'

ಶಾಲಿನವರ ಗುಂಪುಗಳಲ್ಲಿ ಬೆಂಕಿ ಬಿತ್ತು. ಮೀಸೆಯವರ ಗುಂಪುಗಳಲ್ಲಿ ಮೊದಲು ಇದು ಸುಳ್ಳು ಎಂದರು. ಮಧ್ಯಾಹ್ನದ ಹೊತ್ತಿಗೆ ಯಾರೋ ಒಬ್ಬ, ಹೌದು, ನಮ್ಮ ನಾಯಕರ ಸಾಧನೆ ಪಠ್ಯಕ್ಕೆ ಬಂದರೆ ತಪ್ಪೇನು ಎಂದು ಬರೆದ. ಸಂಜೆಗೆ ಅವರಲ್ಲಿ ಅರ್ಧ ಜನ ಅಭಿನಂದನೆ ಸಲ್ಲಿಸಲು ಶುರು ಮಾಡಿದ್ದರು. ಕೋಟನೂರಿನ ಎಂಜಿನಿಯರು ಫೋಟೋವನ್ನು ಹಿಗ್ಗಿಸಿ ನೋಡಿ, ಕಾಗದದ ಹೊಳಪು ನೋಡಿದರೆ ನೂರಕ್ಕೆ ನೂರು ಸರ್ಕಾರಿ ಮುದ್ರಣ ಎಂದು ಷರಾ ಬರೆದರು. ಒಬ್ಬನೇ ಒಬ್ಬ ತನ್ನ ಮನೆಯ ಮಗುವಿನ ಪುಸ್ತಕ ತೆಗೆದು ನೋಡಲಿಲ್ಲ.

ಸಂಜೆ ಅದಕ್ಕೆ ಒಂದು ಬಾಲವೂ ಹುಟ್ಟಿತು. ಆ ಶಾಲೆಯ ಟೀಚರೇ ಪಕ್ಷದಿಂದ ತಂದು ಹಂಚಿದ್ದಾಳೆ ಎಂದು. ಸೋಮವಾರ ಅವಳಿಗೆ ನೋಟಿಸು ಬಂತು. ಶಿಕ್ಷಣ ಇಲಾಖೆಯ ಸಾಹೇಬರು ಶಾಲೆಗೇ ಬಂದು ವಿಚಾರಣೆ ಮಾಡುತ್ತಾರೆ, ಪ್ರಚಾರ ಮಾಡಿದ್ದು ನಿಜವಾದರೆ ಅವಳನ್ನು ದೂರದ ಗಡಿ ಶಾಲೆಗೆ ಹಾಕುತ್ತಾರೆ.

"ವರ್ಗ ಆದ್ರ ಹೋಗ್ತೀನ್ರಿ, ಸಾಯೂದಿಲ್ಲ," ಎಂದಳು. "ಆದ್ರ ಈ ಹುಡುಗ್ರನ್ನ ಒಂದನೇ ಇಯತ್ತೆದಿಂದ ನಾನ ಹಿಡದೀನಿ. ಈಗ ಈಗ ಓದಾಕ ಹತ್ಯಾವ ಟೀಚರ್. ಒಂದೀಟು ಕೈ ಬಿಟ್ರ ಎಲ್ಲಾ ಮರತು ಬಿಡತಾವ. ಐದನೇ ಇಯತ್ತೆ ದಾಟಿಸಿ ಬಿಡಬೇಕಂತಿದ್ದೆ."

ನನಗೆ ಸಿಟ್ಟು ಬಂತು. ಶಾಲಿನವರ ಮೇಲಲ್ಲ, ಮೀಸೆಯವರ ಮೇಲೂ ಅಲ್ಲ. ಅಡುಗೆಮನೆಯಲ್ಲಿ ಪುಸ್ತಕ ಬಿದ್ದಿದ್ದರೂ ಅದನ್ನು ಬಿಟ್ಟು ಅಂಗೈಯಲ್ಲಿ ಅದರ ಫೋಟೋ ನೋಡುವ ಈ ಜಾತಿಯ ಮೇಲೆ. ಮರುದಿನವೇ ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಇಳಿದಾಗ ರಸ್ತೆಯ ಪಕ್ಕದ ಬುಟ್ಟಿಗಳಲ್ಲಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಕೂತವರು ಕೂಡ ಅದೇ ಫೋಟೋ ನೋಡುತ್ತಿದ್ದರು. ಶಾಲೆಗೆ ಹೋಗಿ ಆ ಪುಸ್ತಕಗಳನ್ನು ಕೈಗೆ ತೆಗೆದುಕೊಂಡೆ. ಒಂದು ಮಡಿಕೆ ಬಿಡಿಸಿದ್ದೇ ತಡ, ಗುಟ್ಟೇ ಉಳಿಯಲಿಲ್ಲ. ಒಳಗೆ ಮಡಚಿದ ಅಂಚಿನಲ್ಲಿ ವಾರ, ತಿಥಿ, ಅಮಾವಾಸ್ಯೆ, ಸರ್ಕಾರಿ ರಜೆ. ಅದು ಕ್ಯಾಲೆಂಡರು. ಹೊಸ ವರ್ಷಕ್ಕೆ ಎರಡೂ ಪಕ್ಷದವರು ಮನೆಮನೆಗೆ ಹಂಚಿದ, ಹಾಳೆಗೊಂದು ಮುಖಂಡರ ಮುಖವಿರುವ, ಮಳೆಗೂ ಜಗ್ಗದ ದಪ್ಪ ಹೊಳಪಿನ ಕಾಗದ. ಬೈಂಡಿಗೆ ಇದಕ್ಕಿಂತ ಒಳ್ಳೆಯ ಕಾಗದ ದುಡ್ಡು ಕೊಟ್ಟರೂ ಸಿಗುವುದಿಲ್ಲ. ರಾಶಿಯ ಕೆಳಗಿನ ಪುಸ್ತಕಗಳನ್ನು ತೆಗೆದೆ. ಅವುಗಳ ಮೇಲೆ ಶಾಲಿನವರು ಕೈ ಮುಗಿದು ನಗುತ್ತಿದ್ದರು. ಫೋಟೋದಲ್ಲಿ ಅವರು ಕಂಡಿರಲಿಲ್ಲ, ಅಷ್ಟೇ.

"ನಿನಗೆ ಇಷ್ಟು ದಿನ ಕಾಣಲಿಲ್ಲವೇನೇ?" ಎಂದೆ.

"ನಾ ಹೊರಗ ನೋಡೂದೇ ಇಲ್ರಿ ಟೀಚರ್. ಬೈಂಡ್ ಅದನೋ ಇಲ್ಲೋ ಅಷ್ಟ ನೋಡತೀನಿ. ಆಮ್ಯಾಲ ತಗದು ಓದಸ್ತೀನಿ."

ಆ ಫೋಟೋ ತೆಗೆದವನು ಯಾರು ಎಂಬುದೂ ಗುಟ್ಟಾಗಿರಲಿಲ್ಲ. ಊರಿನಲ್ಲಿ ಪೈಪು, ಪಂಪಿನ ಅಂಗಡಿ ಇಟ್ಟ ಒಬ್ಬ ಮನುಷ್ಯ. ಶಾಲಿನವರ ಪಕ್ಷದ ಕಾರ್ಯಕರ್ತ. ಆ ಶನಿವಾರ ಪಾಲಕರ ಸಭೆಗೆಂದು ಬಂದು, ಮೇಜಿನ ಮೇಲಿನ ರಾಶಿ ನೋಡಿ, ರಕ್ತ ಕುದಿದು, ಕ್ಲಿಕ್ಕಿಸಿ, ತಾನೇ ನಡೆಸುವ ಗ್ರೂಪಿಗೆ ಹಾಕಿದ್ದ. ಅವನ ಮಗಳು ಅದೇ ನಾಲ್ಕನೇ ತರಗತಿ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹುಡುಗಿಯೇ ನಮ್ಮಿಬ್ಬರನ್ನೂ ಮನೆಗೆ ಕರೆದುಕೊಂಡು ಹೋದಳು. ಕಂಕುಳಲ್ಲಿ ಕನ್ನಡ ಪುಸ್ತಕವಿತ್ತು, ಅದರ ಬೆನ್ನ ಮೇಲೆ ಮೀಸೆಯವರಿದ್ದರು.

ಅಂಗಡಿಯ ಹಿಂದೆಯೇ ಮನೆ. ಹುಡುಗಿಯ ತಾಯಿ ಚಹಾ ಇಟ್ಟಳು. ಗೋಡೆಯ ಮೇಲೆ ಶಾಲಿನವರ ಕ್ಯಾಲೆಂಡರು ತೂಗುತ್ತಿತ್ತು. ಊದಿನಕಡ್ಡಿಯ ಹೊಗೆಗೆ ಮುಖಂಡರ ಹಣೆ ತುಸು ಕಪ್ಪಾಗಿತ್ತು. ನಾನು ಗೋಡೆ ನೋಡಿದೆ, ಪುಸ್ತಕ ನೋಡಿದೆ, ಮತ್ತೆ ಗೋಡೆ ನೋಡಿದೆ.

"ನಿಮ್ಮ ಮನೆ ಶಾಲಿನವರದ್ದು. ಮಗಳ ಪುಸ್ತಕಕ್ಕೆ ಮೀಸೆಯವರನ್ನು ಯಾಕೆ ಹಾಕಿದಿರಿ?"

ಅವಳು ನನ್ನನ್ನು ಏನೂ ತಿಳಿಯದವಳಂತೆ ನೋಡಿದಳು. "ನಮ್ಮವರಂದು ಹ್ಯಾಂಗ ಹರೀಬೇಕ್ರಿ ಅಕ್ಕಾರ? ಮಾರಿಗೆ ಕತ್ರಿ ಹಾಕಿದಂಗ ಆಗೂದಿಲ್ಲೇನು? ಇವರೇ ಹೇಳ್ಯಾರ, ನಮ್ಮ ಕ್ಯಾಲೆಂಡರ್ ಮುಟ್ಟಿದ್ರ ಖಬರ್‌ದಾರ್, ಬೈಂಡಿಗಿ ಬೇಕಂದ್ರ ಆ ಮೀಸಿಯಂವಂದು ಹರಕೋರಿ ಅಂತ. ಎಲ್ಲರ ಮನ್ಯಾಗೂ ಹಂಗೇರಿ. ನಮ್ಮವರದ್ದು ಗ್ವಾಡಿಗಿ, ಅವರದ್ದು ಪುಸ್ತಕಕ್ಕ."

ನಾನು ಚಹಾದ ಬಸಿ ಕೆಳಗಿಟ್ಟೆ. ಇಷ್ಟು ವರ್ಷ ಪಠ್ಯಪುಸ್ತಕ ನೋಡಿದವಳಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. ಯಾವ ಪುಸ್ತಕದ ಮೇಲೆ ಮೀಸೆ ಇದೆಯೋ ಅದು ಶಾಲಿನವರ ಮನೆಯದು. ಯಾವುದರ ಮೇಲೆ ಶಾಲು ಇದೆಯೋ ಅದು ಮೀಸೆಯವರ ಮನೆಯದು. ಸಂಚು ಎಂದು ಆ ಮನುಷ್ಯ ಜಗತ್ತಿಗೆಲ್ಲ ಕಳಿಸಿದ ಫೋಟೋದಲ್ಲಿ ಇದ್ದದ್ದು ಅವನದೇ ಪಕ್ಷದವರ ಮನೆಯ ಪುಸ್ತಕಗಳು. ಅದರಲ್ಲಿ ಎಲ್ಲಕ್ಕಿಂತ ಮುಂದೆ, ಮೂಲೆಯಲ್ಲಿ ಬಾಳೆಹಣ್ಣಿನ ಸ್ಟಿಕ್ಕರು ಅಂಟಿಸಿದ್ದು, ಅವನ ಮಗಳದು.

ಅಷ್ಟರಲ್ಲಿ ಅವನೂ ಊಟಕ್ಕೆ ಬಂದ. ಒಳ್ಳೆಯ ಮನುಷ್ಯನೇ. ನಾನು ದೊಡ್ಡವಳೆಂದು ಬಾಗಿ ನಮಸ್ಕಾರ ಮಾಡಿದ. ಅವನ ಫೋನಿನ ಫೋಟೋವನ್ನೂ ಮಗಳ ಪುಸ್ತಕವನ್ನೂ ಪಕ್ಕಪಕ್ಕ ಹಿಡಿದೆ. ಅವನು ಸ್ಟಿಕ್ಕರು ನೋಡಿದ, ಮಗಳ ಮುಖ ನೋಡಿದ, ಕೊನೆಗೆ ಛಾವಣಿ ನೋಡಿದ.

"ಇದು ಬ್ಯಾರೆ ವಿಷಯರಿ ಮೇಡಂ," ಎಂದ.

"ಏನು ಬೇರೆ?"

"ಇದು ನಮ್ಮ ಮನಿ ಬೈಂಡ್. ನಾ ಮಾತಾಡಿದ್ದು ಸರ್ಕಾರದ ಬೈಂಡಿನ ಬಗ್ಗೆ."

"ಸರ್ಕಾರದ ಬೈಂಡ್ ಎಲ್ಲಿದೆ, ತೋರಿಸಿ."

ಅವನು ಮಗಳಿಗೆ ನೀರು ತರಲು ಹೇಳಿದ. ಸಾಹೇಬರು ಬಂದಾಗ ಇಷ್ಟನ್ನು ಎದ್ದು ನಿಂತು ಹೇಳಿಬಿಡಿ, ಟೀಚರ್ ಉಳಿಯುತ್ತಾಳೆ ಎಂದೆ.

"ಅಲ್ರಿ ಮೇಡಂ, ಆ ಮೀಸಿಯವರ ಕ್ಯಾಲೆಂಡರ್ ನಾ ಕೈ ಚಾಚಿ ಇಸ್ಕೊಂಡೀನಿ ಅಂತ ಗೊತ್ತಾದ್ರ, ಪಕ್ಷದಾಗ ನನ್ನ ಮಾರಿ ಯಾರು ನೋಡತಾರ? ಬ್ಯಾರೆ ಯಾರ ಕಡೆರೆ ಹೇಳಸ್ರಿ. ಟೀಚರ್ ಮ್ಯಾಲೆ ನನಗೇನು ಸಿಟ್ಟಿಲ್ಲರಿ, ಭಾಳ ಛೊಲೋ ಮಂದಿ."

ಬೇರೆಯವರ ಮನೆಗಳಿಗೂ ಹೋದೆವು. ಮೀಸೆಯವರ ಕಡೆಯ ಮನೆಗಳಲ್ಲಿ ಮೀಸೆಯವರು ಗೋಡೆಯ ಮೇಲೆ, ಶಾಲಿನವರು ಪುಸ್ತಕದ ಮೇಲೆ. ಎಲ್ಲರೂ ಚಹಾ ಕೊಟ್ಟರು. ಎಲ್ಲರೂ ಟೀಚರು ಒಳ್ಳೆಯವರು ಎಂದರು. ಕ್ಯಾಲೆಂಡರಿನ ಮಾತು ಬಂದರೆ ಮಾತ್ರ ಬಾಯಿಗೆ ಬೀಗ. ಎದುರು ಪಕ್ಷದ ಕ್ಯಾಲೆಂಡರು ನಮ್ಮ ಹೊಸಿಲು ದಾಟಿಯೇ ಇಲ್ಲ ಎಂದು ಒಬ್ಬ ಆಣೆ ಮಾಡಿದ. ಆಣೆ ಮಾಡುವಾಗ ಅವನ ಮಗ ಅವನ ಪಕ್ಕದಲ್ಲೇ ಕೂತು, ಅದೇ ಕ್ಯಾಲೆಂಡರಿನ ಬೈಂಡು ಹಾಕಿದ ಗಣಿತದ ಪುಸ್ತಕದಲ್ಲಿ ಲೆಕ್ಕ ಮಾಡುತ್ತಿದ್ದ.

ವಿಚಾರಣೆಯ ದಿನ ಶಾಲೆಯ ದೊಡ್ಡ ಕೋಣೆ ತುಂಬಿತ್ತು. ಗಂಡಸರು ಮಕ್ಕಳ ಬೆಂಚಿನ ಮೇಲೆ ಮೊಣಕಾಲು ಮಡಚಿ ಕೂತಿದ್ದರು, ಹೆಂಗಸರು ಹಿಂದೆ ಗೋಡೆಗೆ ಒರಗಿ ನಿಂತಿದ್ದರು. ಮಕ್ಕಳು ಹೊರಗೆ ಕಿಟಕಿಗೆ ಜೋತುಬಿದ್ದಿದ್ದರು. ಸಾಹೇಬರು ಬಂದು ಪುಸ್ತಕಗಳನ್ನು ತಿರುಗಿಸಿ ಮುರುಗಿಸಿ ನೋಡಿದರು. ನಾನು ಎದ್ದು ಮಡಿಕೆ ಬಿಡಿಸಿ ತಿಥಿ ವಾರ ತೋರಿಸಿದೆ. ಇದು ಕ್ಯಾಲೆಂಡರು, ಮುದ್ರಣವಲ್ಲ, ಬೇಕಾದರೆ ನೋಡಿ, ಒಂದೇ ಪಕ್ಷದ್ದಲ್ಲ, ಎರಡೂ ಪಕ್ಷದವರು ಇದ್ದಾರೆ ಎಂದೆ. ಗೆದ್ದೆ ಎಂದುಕೊಂಡು ಕೂತೆ.

ಸಾಹೇಬರು ಕನ್ನಡಕ ತೆಗೆದರು. "ಅಂದ್ರ ಎರಡೂ ಪಕ್ಷದ ಪ್ರಚಾರ ಆಗ್ಯಾದ. ತಪ್ಪು ಡಬಲ್ ಆಯ್ತಲ್ಲರಿ ಮೇಡಂ."

ನನಗೆ ತಲೆ ಚಿಟ್ಟು ಹಿಡಿಯಿತು. ಅವರು ತಮ್ಮ ಕಷ್ಟವನ್ನೂ ಹೇಳಿಕೊಂಡರು. ಕ್ಯಾಲೆಂಡರು ಎಂಬುದು ಅವರಿಗೂ ಕಾಣುತ್ತದೆ. ಆದರೆ ಹಂಚಿದ್ದು ಟೀಚರೋ, ಹಾಕಿದ್ದು ಮನೆಯವರೋ ಎಂದು ಮೇಲೆ ಕೇಳುತ್ತಾರೆ. ಒಬ್ಬ ಪಾಲಕರಾದರೂ ಇದು ನಮ್ಮ ಮನೆಯದೇ ಎಂದು ಹೇಳಿ ಸಹಿ ಹಾಕಿದರೆ ಅವರು ಹಾಗೆಯೇ ಬರೆದು ಹೋಗುತ್ತಾರೆ.

"ಯಾರ ಮನಿಯವು ಇವು? ಹೇಳ್ರಿ."

ಒಬ್ಬ ಮೋಡ ಕಟ್ಟಿದೆಯೇ ಎಂದು ಕಿಟಕಿಯಿಂದ ನೋಡಿದ. ಇನ್ನೊಬ್ಬ ಚಪ್ಪಲಿಯ ಉಂಗುಷ್ಠ ಸರಿ ಮಾಡಿಕೊಳ್ಳಲು ಬಗ್ಗಿದವನು ಮೇಲೇಳಲೇ ಇಲ್ಲ. ಪಂಪಿನ ಅಂಗಡಿಯವನು ಮುಂದಿನ ಬೆಂಚಿನಲ್ಲಿ ಕೂತು ತನ್ನ ಫೋನಿನಲ್ಲಿ ಬಹಳ ಮುಖ್ಯವಾದದ್ದೇನನ್ನೋ ಓದುತ್ತಿದ್ದ. ಜೀವಮಾನದಲ್ಲಿ ಒಂದು ವಿಷಯದ ಮೇಲೂ ಒಮ್ಮತಕ್ಕೆ ಬಾರದ ಎರಡು ಪಕ್ಷದವರು ಅಂದು ಒಂದೇ ದನಿಯಲ್ಲಿ ಸುಮ್ಮನಿದ್ದರು. ನನ್ನ ವಿದ್ಯಾರ್ಥಿನಿ ಮೇಜಿನ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು. ಅವಳ ಕೈಬೆರಳುಗಳು ಸೀರೆಯ ಸೆರಗನ್ನು ಸುತ್ತುತ್ತ ಬಿಚ್ಚುತ್ತ ಇದ್ದವು. ಅದನ್ನು ನೋಡಲಾಗದೆ ನಾನು ಮುಖ ತಿರುಗಿಸಿದೆ.

ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. "ಆಯ್ತು. ಟೀಚರ್ ಇಲ್ಲಿಂದ ಹೋದ ಮ್ಯಾಲ ಬ್ಯಾರೆ ಸಾಲಿಯವರೊಬ್ರು ಆಗೀಟು ಈಗೀಟು ಬಂದು ಈ ಹುಡುಗ್ರನ್ನ ನೋಡಿಕೋತಾರ. ಹೊಸಬರು ಬರೂತನಕ."

"ನಿಂದರ್ರಿ ಸಾಹೇಬ್ರ."

ಹಿಂದಿನಿಂದ ಬಂದ ದನಿ. ಪಂಪಿನ ಅಂಗಡಿಯವನ ಹೆಂಡತಿ. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ಗಂಡಸರ ಬೆಂಚುಗಳ ನಡುವಿನಿಂದ ಮುಂದೆ ಬಂದಳು. ರಾಶಿಯಲ್ಲಿ ಬಾಳೆಹಣ್ಣಿನ ಸ್ಟಿಕ್ಕರಿನ ಪುಸ್ತಕ ಹುಡುಕಿ ತೆಗೆದಳು.

"ಇದು ನಮ್ಮ ಮನೀದು. ನಾನ ಕತ್ತರಿಸೀನಿ, ನಾನ ಹಾಕೀನಿ. ಟೀಚರ್ ಏನೂ ಕೊಟ್ಟಿಲ್ಲ. ಬರಕೋರಿ. ನನಗ ಓದಾಕ ಬರೂದಿಲ್ರಿ. ಹೋದ ವರ್ಷದತನಕ ನನ್ನ ಮಗಳಿಗೂ ಬರತಿರಲಿಲ್ಲ. ಈಗ ಬಸ್ಸಿನ ಬೋರ್ಡ್ ಓದತಾಳ, ಗುಳಗಿ ಚೀಟಿ ಓದತಾಳ. ಆಗೀಟು ಈಗೀಟು ಬರೂ ಟೀಚರ್ ನಮಗ ಬ್ಯಾಡ. ನಿಮ್ಮ ಪಕ್ಷ ನೀವು ಇಟ್ಕೋರಿ, ನಮಗ ಈ ಟೀಚರನ್ನ ಬಿಡ್ರಿ."

ಕೊನೆಯ ಮಾತು ಸಾಹೇಬರಿಗೆ ಹೇಳಿದ್ದೋ ಗಂಡನಿಗೆ ಹೇಳಿದ್ದೋ, ಅವಳು ನೋಡಿದ್ದು ಮಾತ್ರ ಗಂಡನನ್ನು.

ಆಮೇಲೆ ಕಟ್ಟೆ ಒಡೆಯಿತು. ಇದು ನಮ್ಮ ಮನೆಯದು, ಅದು ನಮ್ಮ ಮನೆಯದು ಎಂದು ಹೆಂಗಸರೆಲ್ಲ ಮುಂದೆ ಬಂದರು. ಕಿಟಕಿಯ ಮಕ್ಕಳು, ನಮ್ಮವ್ವ ಹಾಕ್ಯಾಳ, ನಮ್ಮ ಕಾಕಾ ಹಾಕ್ಯಾನ ಎಂದು ಬಹುಮಾನ ಬಂದವರಂತೆ ಕೂಗತೊಡಗಿದರು. ಸಾಹೇಬರು ಹೆಬ್ಬೆಟ್ಟು, ಸಹಿ ಎಲ್ಲ ಪಡೆದು, ಟೀಚರ್ ತಪ್ಪಿಲ್ಲ ಎಂದು ಬರೆದರು. ಹೋಗುವ ಮೊದಲು, ಇನ್ನು ಮುಂದೆ ಯಾರ ಮುಖವೂ ಇಲ್ಲದ ಕಾಗದವನ್ನೇ ಬೈಂಡಿಗೆ ಬಳಸಬೇಕು, ಅದನ್ನು ಟೀಚರೇ ನೋಡಿಕೊಳ್ಳಬೇಕು ಎಂದು ಒಂದು ಸಾಲು ಸೇರಿಸಿದರು. ಸರ್ಕಾರ ಬಂದುಹೋದದ್ದಕ್ಕೆ ಏನಾದರೂ ಗುರುತು ಇರಬೇಕಲ್ಲ.

ಪಂಪಿನ ಅಂಗಡಿಯವನು ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದ. "ನಾ ಮೊದಲಿಂದ ಹೇಳಾಕತ್ತೀನ್ರಿ, ಪೂರಾ ವಿಚಾರಣಿ ಆಗಬೇಕು, ಸತ್ಯ ಹೊರಗ ಬರಬೇಕು ಅಂತ. ಈಗ ಬಂತು ನೋಡ್ರಿ" ಎಂದ. ಹೆಂಡತಿಯ ಕಡೆ ನೋಡುವ ಧೈರ್ಯ ಮಾತ್ರ ಮಾಡಲಿಲ್ಲ. ನಾನು ಬಸ್ಸು ಹತ್ತುವಷ್ಟರಲ್ಲಿ ಅವನ ಗ್ರೂಪಿನಿಂದ ಆ ಫೋಟೋ ಮಾಯವಾಗಿತ್ತು. ಅದರ ಜಾಗದಲ್ಲಿ ಗುಲಾಬಿ ಹೂವಿನ ಶುಭಸಂಜೆ ಇತ್ತು.

ಮನೆಗೆ ಬಂದು ನಡೆದದ್ದನ್ನೆಲ್ಲ ಒಂದು ಸಂದೇಶವಾಗಿ ಬರೆದು, ಆ ಫೋಟೋ ಕಳಿಸಿದ ಎಲ್ಲರಿಗೂ ಕಳಿಸಿದೆ. ಖಾಲಾ ಒಬ್ಬರೇ ಬೇಲಿಯ ಹತ್ತಿರ ಬಂದು ನನ್ನ ಕೈ ಹಿಡಿದು, ಬಿಡ್ರಿ, ಹುಡುಗಿ ಉಳದಳಲ್ಲ ಎಂದರು. ಉಳಿದವರಲ್ಲಿ ಕೆಲವರು ಹೆಬ್ಬೆರಳಿನ ಗುರುತು ಒತ್ತಿದರು. ಎಂಜಿನಿಯರು, ಇದು ತುಂಬಾ ಉದ್ದವಾಗಿದೆ ಮೇಡಂ, ಓದಲು ಪುರುಸೊತ್ತಿಲ್ಲ, ಸಾರಾಂಶ ಇದ್ದರೆ ಕಳಿಸಿ ಎಂದು ಬರೆದರು. ಫೋಟೋ ಈಗಲೂ ಓಡಾಡುತ್ತಲೇ ಇದೆ. ಈಚೆಗೆ ಬಂದದ್ದರಲ್ಲಿ ಅದು ಬೇರೆ ಯಾವುದೋ ಜಿಲ್ಲೆಯ ಶಾಲೆ ಎಂದಿತ್ತು.

ಈ ಜೂನ್ ಕಳೆದ ಮೇಲೆ ಒಂದು ಶನಿವಾರ ಮತ್ತೆ ಕಮಲಾಪುರಕ್ಕೆ ಹೋಗಿದ್ದೆ. ಅವಳ ಮಕ್ಕಳು ಐದನೇ ತರಗತಿಗೆ ಬಂದಿದ್ದರು, ಅವಳು ಅವರ ಜೊತೆಗೇ ಇದ್ದಳು. ನನಗೆ ಖುಷಿಯಾಯಿತು. ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಅರ್ಧಕ್ಕರ್ಧ ಪುಸ್ತಕಗಳಿಗೆ ಬೈಂಡೇ ಇರಲಿಲ್ಲ, ಆಗಲೇ ಮೂಲೆಗಳು ನಾಯಿಕಿವಿಯಾಗಿದ್ದವು. ಬೈಂಡ್ ಹಾಕ್ರಿ ಎಂದು ಗಟ್ಟಿಯಾಗಿ ಹೇಳಲು ಅವಳಿಗೀಗ ಹೆದರಿಕೆಯಂತೆ. ಹಾಕಿಕೊಂಡು ಬಂದವರನ್ನು ಒಬ್ಬೊಬ್ಬರನ್ನೇ ಮೇಜಿಗೆ ಕರೆಯುತ್ತಿದ್ದಳು.

ಬಾಳೆಹಣ್ಣಿನ ಸ್ಟಿಕ್ಕರಿನ ಹುಡುಗಿಯ ಸರದಿ ಬಂತು. ಅವಳ ಪುಸ್ತಕಕ್ಕೆ ಹಳೆಯ ಪತ್ರಿಕೆಯ ಬೈಂಡು ಇತ್ತು. ಟೀಚರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಮುಂದೆ ನೋಡಿದಳು, ಹಿಂದೆ ನೋಡಿದಳು. ಮಡಿಕೆ ಬಿಡಿಸಿ ಒಳ ಅಂಚು ನೋಡಿದಳು. ಒಂದು ಮೂಲೆಯಲ್ಲಿ ಯಾವುದೋ ಚಿಕ್ಕ ಫೋಟೋ ಇತ್ತು. ಕನ್ನಡಕ ಏರಿಸಿಕೊಂಡು, ಪುಸ್ತಕವನ್ನು ಬೆಳಕಿಗೆ ಹಿಡಿದು, ಆ ಮುಖ ಯಾರದೆಂದು ಬಹಳ ಹೊತ್ತು ಹುಡುಕಿದಳು. ಹುಡುಗಿ ಓದಬೇಕಾದ ಸಾಲನ್ನು ಬಾಯಲ್ಲೇ ಮಣಮಣ ಹೇಳಿಕೊಳ್ಳುತ್ತ ಕಾದಳು. ಕೊನೆಗೆ ತಡೆಯಲಾರದೆ ಟೀಚರಿನ ಸೆರಗು ಜಗ್ಗಿದಳು.

"ಪಾಠ ಒಳಗ ಅದರಿ, ಟೀಚರ್."